ಮುಡಿಪು ಕಟ್ಟುವ ಮುಂಚೆ ಕಂಪನಿಯ ಪಾಲು ಕೇಳಿ

ಕೆಲವು ವರ್ಷಗಳ ಹಿಂದಿನ ಮಾತು. ಡಿಸೆಂಬರ್ ಕೊನೆಯ ವಾರ ಕಂಪನಿ ಕೊಟ್ಟಿದ್ದ ಷೇರುಗಳಲ್ಲಿ ಒಂದಿಷ್ಟು ಮಾರಿದೆ. ಬಂದ ಹಣದಲ್ಲಿ 3,000 ಡಾಲರನ್ನು ಡೋನರ್ ಅಡ್ವೈಸ್ಡ್ ಫಂಡ್ ಎಂಬ ದಾನದ ಖಾತೆಗೆ ಹಾಕಿ, ಅಲ್ಲಿಂದ ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಒಂದು ಸಂಸ್ಥೆಗೆ ಕಳಿಸಿದೆ. ಆಮೇಲೆ ಕಂಪನಿಯ ಪೋರ್ಟಲ್ ತೆರೆದು ಮ್ಯಾಚ್, ಅಂದರೆ ನಾನು ಕೊಟ್ಟಷ್ಟನ್ನೇ ಕಂಪನಿಯೂ ಕೊಡಲಿ ಎಂದು, ಕೇಳಿದೆ. ಎರಡು ವಾರಕ್ಕೆ ಉತ್ತರ ಬಂತು: ಫಂಡ್ ಮೂಲಕ ಹೋದ ಹಣಕ್ಕೆ ನಮ್ಮಲ್ಲಿ ಮ್ಯಾಚ್ ಇಲ್ಲ, ನೌಕರರು ಸ್ವಂತ ಕೈಯಿಂದ ಕೊಟ್ಟಿರಬೇಕು. ಏಪ್ರಿಲ್‌ನಲ್ಲಿ ಷೇರಿನ ಲಾಭಕ್ಕೆ ತೆರಿಗೆಯನ್ನೂ ಕಟ್ಟಿದೆ. ತೆರಿಗೆಯ ಹಣ ಹೋದದ್ದಕ್ಕಿಂತ ನನಗೆ ಹೆಚ್ಚು ನೋವಾದದ್ದು ಆ ಇನ್ನೊಂದು 3,000 ಡಾಲರಿಗೆ. ಅದು ನನ್ನ ಜೇಬಿನದಲ್ಲ, ಆ ಮಕ್ಕಳಿಗೆ ಸೇರಬೇಕಾಗಿದ್ದ ದುಡ್ಡು. ನಾನು ಕೊಟ್ಟ ದಾರಿ ತಪ್ಪಾದದ್ದರಿಂದ ಅವರಿಗೆ ಸಿಗಲಿಲ್ಲ.

ಅಮೆರಿಕದಲ್ಲಿ ಸಂಬಳಕ್ಕಿರುವ ಕನ್ನಡಿಗರು ಅದೇ ತಪ್ಪು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಗ್ರೀನ್ ಕಾರ್ಡ್ ಇರಲಿ, ಎಚ್-1ಬಿ ಇರಲಿ, ಇಲ್ಲಿ ರೆಸಿಡೆಂಟ್ ಆಗಿ ತೆರಿಗೆ ಸಲ್ಲಿಸುವವರಿಗೆಲ್ಲ ನಿಯಮ ಒಂದೇ.

ಎರಡು ಮಾತಿನ ಅರ್ಥ

ಮ್ಯಾಚಿಂಗ್ ಎಂದರೆ ನೀವು ಒಂದು ಸಂಸ್ಥೆಗೆ ಕೊಟ್ಟಷ್ಟನ್ನೇ ನಿಮ್ಮ ಕಂಪನಿಯೂ ಅದೇ ಸಂಸ್ಥೆಗೆ ಕೊಡುವುದು. ಜನರಲ್ ಎಲೆಕ್ಟ್ರಿಕ್ 1954ರಲ್ಲಿ ತನ್ನ ನೌಕರರು ಓದಿದ ಕಾಲೇಜುಗಳಿಗೆ ಕೊಟ್ಟ ದಾನಕ್ಕೆ ಹೀಗೆ ಸರಿಸಮ ಸೇರಿಸಲು ಶುರುಮಾಡಿತು, ಅಲ್ಲಿಂದ ಈ ಪದ್ಧತಿ ಹಬ್ಬಿತು. ಇಂದು ಮೈಕ್ರೋಸಾಫ್ಟ್ ಅಮೆರಿಕದ ತನ್ನ ನೌಕರರಿಗೆ ವರ್ಷಕ್ಕೆ 15,000 ಡಾಲರ್‌ವರೆಗೆ ಮ್ಯಾಚ್ ಕೊಡುತ್ತದೆ. ಎಷ್ಟೋ ಕಂಪನಿಗಳ ಮಿತಿ ಇದಕ್ಕಿಂತ ಬಹಳ ಕಡಿಮೆ.

ಡೋನರ್ ಅಡ್ವೈಸ್ಡ್ ಫಂಡನ್ನು ಇಲ್ಲಿನವರು ಚುಟುಕಾಗಿ ಡ್ಯಾಫ್ ಎನ್ನುತ್ತಾರೆ. ನಮ್ಮವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಮುಡಿಪು ಗೊತ್ತಿಲ್ಲದ ಮನೆ ನಮ್ಮಲ್ಲಿ ಕಡಿಮೆ. ತಿರುಪತಿಗೋ ಧರ್ಮಸ್ಥಳಕ್ಕೋ ಎಂದು ಹರಕೆ ಹೊತ್ತು ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಹಣ ಕಟ್ಟಿದ ಗಳಿಗೆಯಿಂದಲೇ ನಮ್ಮದಲ್ಲ. ತಲುಪಿಸುವುದು ಮುಂದೆ ಯಾವಾಗಲೋ ಆಗಬಹುದು, ಆದರೆ ಬಿಚ್ಚಿ ಮನೆ ಖರ್ಚಿಗೆ ಬಳಸುವಂತಿಲ್ಲ. ಡ್ಯಾಫ್ ಹಾಗೆಯೇ. ಫಿಡೆಲಿಟಿ ಚಾರಿಟಬಲ್, ಹಿಂದೆ ಶ್ವಾಬ್ ಚಾರಿಟಬಲ್ ಎಂದಿದ್ದ ಡ್ಯಾಫ್‌ಗಿವಿಂಗ್360, ವ್ಯಾನ್‌ಗಾರ್ಡ್ ಚಾರಿಟಬಲ್ ಇವೆಲ್ಲ ಕಾನೂನಿನ ಲೆಕ್ಕದಲ್ಲಿ ದತ್ತಿ ಸಂಸ್ಥೆಗಳೇ. ಅವುಗಳ ಖಾತೆಗೆ ಹಣ ಹಾಕಿದ ದಿನವೇ ದಾನ ಮುಗಿಯಿತು, ಆ ವರ್ಷದ ತೆರಿಗೆಯಲ್ಲಿ ಡಿಡಕ್ಷನ್, ಅಂದರೆ ತೆರಿಗೆ ಬೀಳುವ ಆದಾಯದಲ್ಲಿ ಕಡಿತ, ಸಿಗುತ್ತದೆ. ಮುಂದೆ ಯಾವ ಸಂಸ್ಥೆಗೆ ಎಷ್ಟು ಹೋಗಬೇಕೆಂದು ನೀವು ಶಿಫಾರಸು ಮಾಡುತ್ತೀರಿ, ಅವರು ಪರಿಶೀಲಿಸಿ ಕಳಿಸುತ್ತಾರೆ. ಕಳಿಸುವಾಗ ಮತ್ತೊಮ್ಮೆ ಡಿಡಕ್ಷನ್ ಇಲ್ಲ. ಹಾಕಿದ ಹಣ ಎಂದಿಗೂ ವಾಪಸ್ ಬರುವುದಿಲ್ಲ. ಕೆಲಸ ಹೋದರೂ, ಮನೆ ಕೊಳ್ಳುವಾಗ ಕೈ ಕಟ್ಟಿದರೂ, ಊರಿಗೇ ಮರಳಿದರೂ ಬರುವುದಿಲ್ಲ. ಇದನ್ನು ಗಂಡ ಹೆಂಡತಿ ಇಬ್ಬರೂ ಕೂತು ಒಪ್ಪಿಕೊಂಡ ಮೇಲೆಯೇ ಖಾತೆ ತೆರೆಯಿರಿ.

ಹೆಜ್ಜೆ 1: ಕಂಪನಿಯ ನಿಯಮವನ್ನು ಕೊನೆಯ ಸಾಲಿನವರೆಗೆ ಓದಿ

ಎಚ್‌ಆರ್ ಪುಟದಲ್ಲಿ ಮ್ಯಾಚಿಂಗ್ ಗಿಫ್ಟ್ ಎಂಬ ಹೆಸರಲ್ಲಿ ಇದು ಇರುತ್ತದೆ. ಬೆನೆವಿಟಿ, ಯುವರ್‌ಕಾಸ್ ಮುಂತಾದ ಹೊರಗಿನ ಪೋರ್ಟಲ್‌ಗಳ ಮೂಲಕ ನಡೆಸುವ ಕಂಪನಿಗಳೇ ಹೆಚ್ಚು. ವರ್ಷಕ್ಕೆ ಮಿತಿ ಎಷ್ಟು, ಒಂದು ದಾನ ಕನಿಷ್ಠ ಎಷ್ಟಿರಬೇಕು ಎಂದು ಎಲ್ಲರೂ ನೋಡುತ್ತಾರೆ. ಅಷ್ಟಕ್ಕೇ ನಿಲ್ಲಿಸಬೇಡಿ. ಅರ್ಜಿ ಹಾಕಲು ಕೊನೆಯ ದಿನ ಯಾವುದು ನೋಡಿ. ಕೆಲವೆಡೆ ಡಿಸೆಂಬರ್ 31ಕ್ಕೆ ಬಾಗಿಲು ಮುಚ್ಚುತ್ತದೆ, ಕೆಲವೆಡೆ ಮುಂದಿನ ವರ್ಷದ ಮೊದಲ ಒಂದೆರಡು ತಿಂಗಳು ಸಿಗುತ್ತದೆ. ಡ್ಯಾಫ್‌ನಿಂದ ಹೋದ ಹಣಕ್ಕೆ ಮ್ಯಾಚ್ ಉಂಟೇ ಎಂಬುದು ಸಾಮಾನ್ಯವಾಗಿ ಕೊನೆಯಲ್ಲಿರುವ ಪ್ರಶ್ನೋತ್ತರದಲ್ಲಿ ಅಡಗಿರುತ್ತದೆ. ಕೆಲವು ಕಂಪನಿಗಳು ಕೊಡುತ್ತವೆ, ಬಹಳಷ್ಟು ಕೊಡುವುದಿಲ್ಲ. ಸ್ಪಷ್ಟವಿಲ್ಲದಿದ್ದರೆ ಇಮೇಲ್ ಬರೆದು ಕೇಳಿ, ಬಂದ ಉತ್ತರವನ್ನು ಇಟ್ಟುಕೊಳ್ಳಿ.

ಯಾವ ಸಂಸ್ಥೆಗೆ ಇಲ್ಲ ಎಂಬ ಪಟ್ಟಿಯನ್ನೂ ಓದಿ. ದೇವಸ್ಥಾನ, ಮಠ, ಚರ್ಚಿನಂಥ ಧಾರ್ಮಿಕ ಸಂಸ್ಥೆಗಳಿಗೆ ಎಷ್ಟೋ ಕಂಪನಿಗಳು ಮ್ಯಾಚ್ ಕೊಡುವುದಿಲ್ಲ. ರಾಜಕೀಯಕ್ಕೆ, ವ್ಯಕ್ತಿಗಳಿಗೆ, ಇನ್ನೊಬ್ಬರ ಚಿಕಿತ್ಸೆಗೆಂದು ಆನ್‌ಲೈನ್‌ನಲ್ಲಿ ಎತ್ತುವ ಚಂದಾಕ್ಕೆ ಎಲ್ಲೂ ಇಲ್ಲ ಎಂದೇ ತಿಳಿಯಿರಿ.

ಇದರಿಂದ ಒಂದು ಸರಳ ಹಂಚಿಕೆ ಸಿಗುತ್ತದೆ. ಕಂಪನಿ ಒಪ್ಪುವ ಶಾಲೆ, ಆಸ್ಪತ್ರೆ, ಅನ್ನದಾನದ ಸಂಸ್ಥೆಗಳಿಗೆ ಕೈಯಿಂದ ನೇರ ನಗದು ಕೊಡಿ. ಕಂಪನಿ ಒಪ್ಪದ ದೇವಸ್ಥಾನಕ್ಕೂ, ಮ್ಯಾಚ್ ಮಿತಿ ದಾಟಿದ ಮೇಲೆ ಕೊಡಬೇಕೆನಿಸಿದ್ದಕ್ಕೂ ಡ್ಯಾಫ್ ಇಡಿ. ನಾನೀಗ ಮಾಡುವುದು ಇಷ್ಟೇ. ಮುಂದಿನ ಹೆಜ್ಜೆಗಳೆಲ್ಲ ಇದರ ವಿವರ.

ಹೆಜ್ಜೆ 2: ಮ್ಯಾಚ್ ಮಿತಿಯವರೆಗೆ ಸಂಬಳದಿಂದಲೇ ಕೊಡಿ

ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರಿಗಿಂತ ಅದರ ಇಐಎನ್ ಎಂಬ ತೆರಿಗೆ ಗುರುತಿನ ಸಂಖ್ಯೆಯಿಂದ ಹುಡುಕಿ. ಒಂದೇ ತರಹದ ಹೆಸರಿನ ಸಂಸ್ಥೆಗಳು ಬೇಕಾದಷ್ಟಿವೆ. ಅದು 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆ ಎಂಬ, ಮಾನ್ಯತೆ ಪಡೆದದ್ದೇ ಎಂದು ಇಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ ಜಾಲತಾಣದ ಹುಡುಕಾಟದಲ್ಲಿ ಖಚಿತಮಾಡಿಕೊಳ್ಳಬಹುದು, ಸಂಸ್ಥೆ ವರ್ಷವರ್ಷ ಸಲ್ಲಿಸುವ ಲೆಕ್ಕಪತ್ರ, ಫಾರ್ಮ್ 990, ಕೂಡ ಅಲ್ಲೇ ಸಿಗುತ್ತದೆ. ನಿಮ್ಮ ಸಂಸ್ಥೆ ಪೋರ್ಟಲ್‌ನಲ್ಲಿ ಕಾಣದಿದ್ದರೆ ಅದರ ಖಜಾಂಚಿಗೆ ಹೇಳಿ ನೋಂದಾಯಿಸಿಸಿ. ನಾಲ್ಕೈದು ಜನ ಸ್ವಯಂಸೇವಕರು ಸಂಜೆ ಹೊತ್ತು ನಡೆಸುವ ಪುಟ್ಟ ಸಂಸ್ಥೆಗಳಿಗೆ ಈ ಕೆಲಸವೇ ಗೊತ್ತಿರುವುದಿಲ್ಲ. ಒಮ್ಮೆ ನೋಂದಾಯಿಸಿದರೆ ಅದಕ್ಕೆ ಕೊಡುವ ಬೇರೆ ಕಂಪನಿಗಳ ನೌಕರರಿಗೂ ದಾರಿ ತೆರೆಯುತ್ತದೆ.

ಪ್ರತಿ ಪಗಾರದಿಂದ ಇಂತಿಷ್ಟು ಎಂದು ಇಟ್ಟುಬಿಡುವುದು ನನಗೆ ಒಗ್ಗಿದ ರೀತಿ. ಡಿಸೆಂಬರಿನ ಗಡಿಬಿಡಿ ಇಲ್ಲ, ಮ್ಯಾಚ್ ಅರ್ಜಿ ತಾನಾಗಿ ಹೋಗುತ್ತದೆ, ಸಂಸ್ಥೆಗೂ ತಿಂಗಳು ತಿಂಗಳು ಕೈಗೆ ದುಡ್ಡು ಬರುತ್ತದೆ. ಒಂದು ತಪ್ಪು ತಿಳಿವಳಿಕೆ ಮಾತ್ರ ಬೇಡ: ನಿವೃತ್ತಿ ಉಳಿತಾಯದ 401(ಕೆ) ಹಾಗೆ ಇದು ತೆರಿಗೆಗೆ ಮುಂಚಿನ ಹಣವಲ್ಲ. ತೆರಿಗೆ ಹಿಡಿದ ಮೇಲಿನ ಸಂಬಳದಿಂದ ಹೋಗುತ್ತದೆ, ಡಿಡಕ್ಷನ್ ನೀವೇ ರಿಟರ್ನ್‌ನಲ್ಲಿ ತೋರಿಸಬೇಕು. ಕಂಪನಿ ಸೇರಿಸಿದ ಪಾಲಿಗೆ ನಿಮಗೆ ಡಿಡಕ್ಷನ್ ಇಲ್ಲ.

ದುಡ್ಡು ಕೊಡಲು ಆಗದ ವರ್ಷ ಸಮಯ ಕೊಡಿ. ಸ್ವಯಂಸೇವೆಯ ಗಂಟೆಗಳಿಗೆ ಹಣ ಕೊಡುವ ಕಂಪನಿಗಳಿವೆ, ಮೈಕ್ರೋಸಾಫ್ಟ್‌ನಲ್ಲಿ ಅದು ಗಂಟೆಗೆ 25 ಡಾಲರ್. ನಮ್ಮ ಎಷ್ಟೋ ಕನ್ನಡ ಕೂಟಗಳು 501(ಸಿ)(3) ಸಂಸ್ಥೆಗಳು. ವಾರಾಂತ್ಯದಲ್ಲಿ ಮಕ್ಕಳಿಗೆ ಅ ಆ ಇ ಈ ತಿದ್ದಿಸುವ ಅಕ್ಕಂದಿರು, ಅಣ್ಣಂದಿರು ವರ್ಷಕ್ಕೆ 40 ಗಂಟೆ ಪಾಠ ಮಾಡಿ ಆ ಗಂಟೆಗಳನ್ನು ಪೋರ್ಟಲ್‌ನಲ್ಲಿ ದಾಖಲಿಸಿದರೆ, ಇದೇ ದರದಲ್ಲಿ ತರಗತಿಗೆ 1,000 ಡಾಲರ್ ಬರುತ್ತದೆ. ಪುಸ್ತಕ, ಹಾಲ್‌ನ ಬಾಡಿಗೆ ಅದರಲ್ಲೇ ತೂಗಬಹುದು. ಪಾಠ ಮಾಡುವವರಲ್ಲಿ ಗಂಟೆ ದಾಖಲಿಸುವವರು ಕೆಲವರೇ. ಈ ವಾರವೇ ನಿಮ್ಮ ಕೂಟದವರಿಗೆ ಹೇಳಿ.

ಹೆಜ್ಜೆ 3: ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿ

ಡ್ಯಾಫ್ ಎಲ್ಲರಿಗೂ ಬೇಕಿಲ್ಲ. ಬೇಕೋ ಬೇಡವೋ ಎಂದು ಲೆಕ್ಕವೇ ಹೇಳುತ್ತದೆ.

2026ರಲ್ಲಿ ಗಂಡ ಹೆಂಡತಿ ಜೊತೆಯಾಗಿ ಸಲ್ಲಿಸಿದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಲೆಕ್ಕ ಕೊಡದೆಯೇ ಸಿಗುವ ಕಡಿತ, 32,200 ಡಾಲರ್. ಮನೆ ಸಾಲದ ಬಡ್ಡಿ, ರಾಜ್ಯದ ತೆರಿಗೆ, ದಾನ ಎಲ್ಲ ಕೂಡಿಸಿ ಇದನ್ನು ದಾಟಿದರೆ ಮಾತ್ರ ಐಟಮೈಸ್ ಮಾಡಿ, ಅಂದರೆ ಒಂದೊಂದು ಬಾಬ್ತನ್ನೂ ಬಿಡಿಸಿ ತೋರಿಸಿ, ಪ್ರಯೋಜನ. ಅದೇ ವರ್ಷದಿಂದ ಎರಡು ಹೊಸ ನಿಯಮಗಳು ಬಂದಿವೆ. ಐಟಮೈಸ್ ಮಾಡುವವರಿಗೆ ಆದಾಯದ, ಅಂದರೆ ಎಜಿಐಯ, ಶೇ. 0.5ರಷ್ಟು ದಾನ ಲೆಕ್ಕಕ್ಕೆ ಬರುವುದಿಲ್ಲ, ಅದರ ಮೇಲಿನದ್ದು ಮಾತ್ರ ಬರುತ್ತದೆ. ಐಟಮೈಸ್ ಮಾಡದವರಿಗೂ ಜೊತೆಯಾಗಿ ಸಲ್ಲಿಸಿದರೆ 2,000, ಒಬ್ಬರಿಗೆ 1,000 ಡಾಲರ್‌ವರೆಗಿನ ನಗದು ದಾನಕ್ಕೆ ಡಿಡಕ್ಷನ್ ಇದೆ. ಆದರೆ ಡ್ಯಾಫ್‌ಗೆ ಹಾಕಿದ ಹಣ ಈ ಎರಡನೆಯದಕ್ಕೆ ಸೇರುವುದಿಲ್ಲ.

ಒಂದು ಮನೆಯ ಉದಾಹರಣೆ ನೋಡೋಣ. ಆದಾಯ 2,00,000 ಡಾಲರ್. ಬಡ್ಡಿ ಮತ್ತು ತೆರಿಗೆಗಳ ಬಾಬ್ತು 26,000. ವರ್ಷಕ್ಕೆ 6,000 ದಾನ. ಐಟಮೈಸ್ ಮಾಡಿದರೆ 26,000ಕ್ಕೆ 6,000 ಕೂಡಿಸಿ, ಶೇ. 0.5ರ 1,000 ಕಳೆದು 31,000. ಮಾಡದಿದ್ದರೆ 32,200ಕ್ಕೆ 2,000 ಸೇರಿ 34,200. ಐಟಮೈಸ್ ಮಾಡದಿರುವುದೇ ಲಾಭ. ಹೋಲಿಕೆ ಸರಳವಾಗಿರಲಿ ಎಂದು ಇದೇ ಅಂಕಿಗಳನ್ನು ಮೂರು ವರ್ಷಕ್ಕೂ ಹಿಡಿದರೆ ಒಟ್ಟು 1,02,600 ಡಾಲರ್ ಡಿಡಕ್ಷನ್.

ಈಗ ಅದೇ ಮೂರು ವರ್ಷದ 18,000 ಡಾಲರನ್ನು ಬೇರೆ ರೀತಿ ಜೋಡಿಸಿ. ಮೊದಲ ವರ್ಷ 14,000, ಮುಂದಿನ ಎರಡು ವರ್ಷ ನೇರ ನಗದಾಗಿ ತಲಾ 2,000. ಮೊದಲ ವರ್ಷ ಐಟಮೈಸ್ ಮಾಡಿದರೆ 39,000, ಮುಂದಿನ ಎರಡು ವರ್ಷ ತಲಾ 34,200. ಒಟ್ಟು 1,07,400, ಅಂದರೆ 4,800 ಡಾಲರ್ ಹೆಚ್ಚು. ಶೇ. 22ರ ಹಂತದಲ್ಲಿರುವ ಈ ಮನೆಗೆ ಉಳಿತಾಯ 1,056 ಡಾಲರ್. ಹೀಗೆ ಕೆಲವು ವರ್ಷದ ದಾನವನ್ನು ಒಂದೇ ವರ್ಷಕ್ಕೆ ಗುಡ್ಡೆ ಹಾಕುವುದಕ್ಕೆ ಇಲ್ಲಿ ಬಂಚಿಂಗ್ ಎನ್ನುತ್ತಾರೆ. ಡ್ಯಾಫ್‌ನ ಉಪಕಾರ ಇಲ್ಲೇ: ಡಿಡಕ್ಷನ್ ಒಂದೇ ವರ್ಷಕ್ಕೆ, ಸಂಸ್ಥೆಗಳಿಗೆ ದುಡ್ಡು ಮಾತ್ರ ಎಂದಿನಂತೆ ವರ್ಷವರ್ಷ.

ಮೊದಲ ವರ್ಷವೇ 18,000ವನ್ನೂ ಡ್ಯಾಫ್‌ಗೆ ಸುರಿದಿದ್ದರೆ? ಮೊದಲ ವರ್ಷ 43,000, ಮುಂದಿನ ಎರಡು ವರ್ಷ ನೇರ ದಾನವಿಲ್ಲದ್ದರಿಂದ ತಲಾ 32,200. ಕೂಡಿಸಿ ನೋಡಿ, ಮತ್ತೆ ಅದೇ 1,07,400. ತೆರಿಗೆಯಲ್ಲಿ ಒಂದು ಡಾಲರ್ ವ್ಯತ್ಯಾಸವೂ ಇಲ್ಲ. ಆದರೆ ಕಂಪನಿ ಡ್ಯಾಫ್‌ಗೆ ಮ್ಯಾಚ್ ಕೊಡದಿದ್ದರೆ, ನೇರವಾಗಿ ಕೊಡಬಹುದಾಗಿದ್ದ ಆ 4,000ಕ್ಕೆ ಸಿಗುತ್ತಿದ್ದ ಇನ್ನೊಂದು 4,000 ಸಂಸ್ಥೆಯ ಪಾಲಿಗೆ ಇಲ್ಲವಾಗುತ್ತದೆ. ಮೊದಲ ವರ್ಷದ 14,000ದಲ್ಲಿಯೂ ಮ್ಯಾಚ್ ಮಿತಿಯಷ್ಟನ್ನು ನೇರವಾಗಿಯೇ ಕೊಡಿ, ಐಟಮೈಸ್ ಲೆಕ್ಕ ಹಾಗೆಯೇ ನಿಲ್ಲುತ್ತದೆ.

ನಿಮ್ಮ ಅಂಕಿಗಳು ಬೇರೆ ಇರುತ್ತವೆ. ಇದೇ ಸಾಲುಗಳಲ್ಲಿ ನಿಮ್ಮ ಅಂಕಿ ತುಂಬಿ, ತೆರಿಗೆ ಲೆಕ್ಕ ನೋಡುವ ನಿಮ್ಮ ಸಿಪಿಎಗೆ ನವೆಂಬರ್‌ನಲ್ಲೇ ತೋರಿಸಿ. ಏಪ್ರಿಲ್‌ನಲ್ಲಿ ತೋರಿಸಿದರೆ ಅವರು ಏನೂ ಮಾಡಲಾರರು.

ಹೆಜ್ಜೆ 4: ಷೇರನ್ನು ಮಾರದೆ ಷೇರಾಗಿಯೇ ಕೊಡಿ

ಐಟಿಯವರ ಬಳಿ ನಗದಿಗಿಂತ, ಸಂಬಳದ ಭಾಗವಾಗಿ ಕಂಪನಿ ಕೊಡುವ ಆರ್‌ಎಸ್‌ಯು ಷೇರುಗಳಲ್ಲಿ ಆಸ್ತಿ ಹೆಚ್ಚಿರುತ್ತದೆ. ವೆಸ್ಟ್ ಆದ, ಅಂದರೆ ಷೇರು ನಿಮ್ಮ ಕೈಗೆ ಬಂದ, ದಿನದ ಬೆಲೆಗೆ ಸಂಬಳದಂತೆ ಆಗಲೇ ತೆರಿಗೆ ಕಟ್ಟಿರುತ್ತೀರಿ. ಆ ದಿನದಿಂದ ಒಂದು ವರ್ಷ ದಾಟಿ ಬೆಲೆ ಏರಿದ್ದರೆ, ದಾನಕ್ಕೆ ಆ ಷೇರಿಗಿಂತ ಒಳ್ಳೆಯದಿಲ್ಲ.

40 ಡಾಲರ್‌ಗೆ ವೆಸ್ಟ್ ಆದ 100 ಷೇರು ಈಗ ತಲಾ 160 ಡಾಲರ್ ಎನ್ನಿ. ಬೆಲೆ 16,000, ಲಾಭ 12,000. ಮಾರಿದರೆ ಕೇಂದ್ರದ ಶೇ. 15ರ ದರದಲ್ಲೇ 1,800 ಡಾಲರ್ ಹೋಗುತ್ತದೆ, ಕ್ಯಾಲಿಫೋರ್ನಿಯಾದಂಥ ರಾಜ್ಯದ ತೆರಿಗೆ ಬೇರೆ. ಷೇರನ್ನೇ ಡ್ಯಾಫ್‌ಗೆ ವರ್ಗಾಯಿಸಿದರೆ ಆ ತೆರಿಗೆ ನಿಮಗೂ ಇಲ್ಲ, ದತ್ತಿ ಸಂಸ್ಥೆಯಾದ್ದರಿಂದ ಅವರಿಗೂ ಇಲ್ಲ. ಡಿಡಕ್ಷನ್ ಮಾತ್ರ ಪೂರ್ತಿ 16,000ದ ಮೇಲೆ. ಇಂಥ ಷೇರಿನ ದಾನಕ್ಕೆ ಒಂದು ವರ್ಷದ ಮಿತಿ ಎಜಿಐಯ ಶೇ. 30, ನಗದಿಗೆ ಶೇ. 60. ಮಿಕ್ಕಿದ್ದನ್ನು ಮುಂದಿನ ಐದು ವರ್ಷಕ್ಕೆ ಎಳೆದುಕೊಳ್ಳಬಹುದು.

ಪುಟ್ಟ ಸಂಸ್ಥೆಗಳಿಗೆ ಷೇರು ತೆಗೆದುಕೊಳ್ಳುವ ಖಾತೆಯೇ ಇರುವುದಿಲ್ಲ. ಡ್ಯಾಫ್ ಷೇರು ಪಡೆದು, ಮಾರಿ, ಅವರಿಗೆ ಚೆಕ್ ಕಳಿಸುತ್ತದೆ. ನನ್ನ ಮಟ್ಟಿಗೆ ಡ್ಯಾಫ್ ಇಟ್ಟುಕೊಳ್ಳಲು ಇದೊಂದೇ ಕಾರಣ ಸಾಕು.

ವರ್ಗಾಯಿಸುವಾಗ ಯಾವ ತಾರೀಖಿನ ಷೇರು ಎಂದು ನೀವೇ ಆರಿಸಿ, ಹೆಚ್ಚು ಲಾಭವಿರುವ ಹಳೆಯದನ್ನು ಕೊಡಿ. ನಷ್ಟದಲ್ಲಿರುವ ಷೇರನ್ನು ಎಂದೂ ಕೊಡಬೇಡಿ. ಅದನ್ನು ಮಾರಿ ನಷ್ಟವನ್ನು ತೆರಿಗೆಯಲ್ಲಿ ತೋರಿಸಿ ನಗದು ಕೊಡಿ. ಕಂಪನಿಯ ಯೋಜನೆಯಲ್ಲಿ ಸಂಬಳದಿಂದ ಕೊಂಡ ಇಎಸ್‌ಪಿಪಿ ಷೇರುಗಳಿಗೆ ಹಿಡಿದಿಡುವ ಅವಧಿಯ ನಿಯಮ ಬೇರೆ ಇದೆ, ಸಿಪಿಎಯನ್ನು ಕೇಳದೆ ಮುಟ್ಟಬೇಡಿ. ನೌಕರರು ಷೇರು ಮಾರುವಂತಿಲ್ಲದ ಕಂಪನಿಯ ಬ್ಲ್ಯಾಕೌಟ್ ಅವಧಿಯಲ್ಲಿ ದಾನಕ್ಕೂ ತಡೆ ಇದೆಯೇ ಎಂದು ಕೇಳಿಕೊಳ್ಳಿ. ಒಂದು ಬ್ರೋಕರೇಜ್‌ನಿಂದ ಇನ್ನೊಂದಕ್ಕೆ ಷೇರು ಹೋಗಲು ದಿನಗಳು ಹಿಡಿಯುತ್ತವೆ, ಡಿಸೆಂಬರ್ 31ರೊಳಗೆ ಅದು ಡ್ಯಾಫ್‌ನ ಕೈ ಸೇರಿರಬೇಕು. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲೇ ಅರ್ಜಿ ಹಾಕಿಬಿಡಿ.

ಖಾತೆಯ ಖರ್ಚಿನ ಮಾತು. ಫಿಡೆಲಿಟಿ ಚಾರಿಟಬಲ್‌ನಲ್ಲಿ ತೆರೆಯಲು ಕನಿಷ್ಠ ಮೊತ್ತವಿಲ್ಲ, ಒಂದು ಸಲಕ್ಕೆ 50 ಡಾಲರ್‌ನಿಂದ ಕಳಿಸಬಹುದು. ಆಡಳಿತ ಶುಲ್ಕ ವರ್ಷಕ್ಕೆ ಶೇ. 0.6 ಅಥವಾ 100 ಡಾಲರ್, ಯಾವುದು ಹೆಚ್ಚೋ ಅದು. 5,000 ಡಾಲರ್ ಇಟ್ಟವರಿಗೆ ಈ 100 ಡಾಲರ್ ಶೇ. 2 ಆಯಿತು. ಇಷ್ಟು ಚಿಕ್ಕ ಮೊತ್ತವನ್ನು ವರ್ಷಗಟ್ಟಲೆ ಇಡುವುದು ಸರಿಯಲ್ಲ.

ಕೆಲವು ಕಂಪನಿಗಳು ಗ್ರೌಂಡ್‌ಸ್ವೆಲ್, ಚಾರಿಟಿವೆಸ್ಟ್ ಮುಂತಾದವುಗಳ ಮೂಲಕ ನೌಕರರಿಗೇ ಡ್ಯಾಫ್ ಖಾತೆ ಒದಗಿಸುತ್ತವೆ, ಸಂಬಳದಿಂದ ಹೋದ ಹಣಕ್ಕೆ ಮ್ಯಾಚ್ ಕೂಡ ಆ ಖಾತೆಗೇ ಬೀಳುವಂತೆ ಮಾಡಬಹುದು. ನಿಮ್ಮಲ್ಲಿ ಹಾಗಿದ್ದರೆ ನಗದು ಒಂದು ಕಡೆ, ಷೇರು ಒಂದು ಕಡೆ ಎಂಬ ನನ್ನ ಹಂಚಿಕೆ ಅಷ್ಟು ಬೇಕಾಗುವುದಿಲ್ಲ.

ಹೆಜ್ಜೆ 5: ಊರಿಗೆ ತಲುಪಿಸುವ ದಾರಿ

ನಮ್ಮಲ್ಲಿ ಹೆಚ್ಚಿನವರ ಮನಸ್ಸು ಇರುವುದು ಊರಲ್ಲಿ. ಓದಿದ ಶಾಲೆಯ ಮಾಳಿಗೆ ಸೋರುತ್ತಿದೆ, ಅದಕ್ಕೆ ಕೊಡೋಣ ಅನಿಸುತ್ತದೆ. ಭಾರತದ ಸಂಸ್ಥೆಗೆ ನೇರವಾಗಿ ಕೊಟ್ಟರೆ ಅಮೆರಿಕದಲ್ಲಿ ಡಿಡಕ್ಷನ್ ಇಲ್ಲ, ಭಾರತದ ತೆರಿಗೆ ವಿನಾಯಿತಿಯ 80ಜಿ ರಸೀದಿ ಇಲ್ಲಿ ನಡೆಯುವುದಿಲ್ಲ. ಡ್ಯಾಫ್‌ಗಳು ಸಾಮಾನ್ಯವಾಗಿ ಇಲ್ಲಿನ ಸಂಸ್ಥೆಗಳಿಗೇ ಕಳಿಸುತ್ತವೆ. ಹಾಗಾಗಿ ಭಾರತದಲ್ಲಿ ಕೆಲಸ ಮಾಡುವ, ಅಮೆರಿಕದಲ್ಲಿ ನೋಂದಣಿಯಿರುವ ಸಂಸ್ಥೆಯನ್ನು ಹಿಡಿಯಬೇಕು. 2000ದಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಕ್ಷಯ ಪಾತ್ರಕ್ಕೆ ಇಲ್ಲಿ ಶಾಖೆಯಿದೆ. 1991ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ಕಟ್ಟಿದ ಆಶಾ ಫಾರ್ ಎಜುಕೇಷನ್, ಕಣ್ಣಿನ ಆಸ್ಪತ್ರೆಗಳ ಶಂಕರ ಐ ಫೌಂಡೇಷನ್, ಪ್ರಥಮ್ ಯುಎಸ್‌ಎ ಇಂಥವೇ. ಗಿವ್2ಏಷ್ಯಾ, ಸಿಎಎಫ್ ಅಮೆರಿಕದಂಥ ಮಧ್ಯವರ್ತಿ ಸಂಸ್ಥೆಗಳು ತಾವು ಪರಿಶೀಲಿಸಿದ ಭಾರತದ ಸಂಸ್ಥೆಗಳಿಗೆ ಶುಲ್ಕ ಹಿಡಿದು ತಲುಪಿಸುತ್ತವೆ.

ಭಾರತದ ಕಡೆ ವಿದೇಶಿ ದೇಣಿಗೆಗೆ ಕಟ್ಟು ಹಾಕುವ ಎಫ್‌ಸಿಆರ್‌ಎ ಕಾನೂನಿದೆ. 2020ರ ತಿದ್ದುಪಡಿಯ ನಂತರ ವಿದೇಶಿ ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ, ಮತ್ತು ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಗರದ ದೊಡ್ಡ ಸಂಸ್ಥೆಗೆ ಕೊಟ್ಟು ಹಳ್ಳಿಯ ಚಿಕ್ಕ ಸಂಸ್ಥೆಗೆ ಮುಟ್ಟಿಸಿ ಎನ್ನುವ ಹಳೆಯ ದಾರಿ ಮುಚ್ಚಿದೆ. ಕೆಲಸ ಮಾಡುವ ಸಂಸ್ಥೆಗೇ ಎಫ್‌ಸಿಆರ್‌ಎ ನೋಂದಣಿ ಇದೆಯೇ ಎಂದು ಕೇಳಿ.

ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ, ಬ್ಯಾಂಕಿನ ಮೂಲಕ ಕಳಿಸಿದ ನಿಮ್ಮ ಸ್ವಂತ ಉಳಿತಾಯ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದು ಒಸಿಐ ಆದವರ ಹಣ ವಿದೇಶಿ ದೇಣಿಗೆಯೇ, ನೋಂದಣಿಯಿಲ್ಲದ ಸಂಸ್ಥೆ ಅದನ್ನು ಪಡೆದರೆ ಅವರಿಗೆ ತೊಂದರೆ. ಪಾಸ್‌ಪೋರ್ಟ್ ಬದಲಾದ ವರ್ಷವೂ ಹಳೆಯ ಅಭ್ಯಾಸದಂತೆ ಊರಿನ ಟ್ರಸ್ಟಿಗೆ ಕಳಿಸುವವರಿದ್ದಾರೆ. ದಯವಿಟ್ಟು ನಿಲ್ಲಿಸಿ, ಕಷ್ಟಕ್ಕೆ ಸಿಕ್ಕುವವರು ಅಲ್ಲಿನವರು.

ಡ್ಯಾಫ್‌ನಿಂದ ಮಾಡಬಾರದ್ದೂ ಒಂದಿಷ್ಟಿದೆ. ಅಣ್ಣನ ಮಗಳ ಕಾಲೇಜು ಫೀಸಿಗೆ ಅಥವಾ ಪರಿಚಯದವರ ಶಸ್ತ್ರಚಿಕಿತ್ಸೆಗೆ ಅದರಿಂದ ಕೊಡಲಾಗದು, ಅವನ್ನು ಕೈಯಿಂದ ಕೊಡಿ. ಕನ್ನಡ ಕೂಟದ ಯುಗಾದಿ ಊಟದ ಟಿಕೆಟ್, ಸದಸ್ಯತ್ವದ ಸವಲತ್ತು, ಪ್ರತಿಫಲವಾಗಿ ನಿಮಗೇನಾದರೂ ಸಿಗುವ ಯಾವುದಕ್ಕೂ ಬಳಸುವಂತಿಲ್ಲ. ಬಳಸಿದರೆ ಆ ಪ್ರಯೋಜನದ ಬೆಲೆಯ ಶೇ. 125ರಷ್ಟು ದಂಡ ತೆರಿಗೆ ಬೀಳಬಹುದು. ಟಿಕೆಟಿನ ಅರ್ಧ ಡ್ಯಾಫ್‌ನಿಂದ, ಅರ್ಧ ಜೇಬಿನಿಂದ ಎಂಬ ಹೊಂದಾಣಿಕೆಯನ್ನೂ ಐಆರ್‌ಎಸ್ ಒಪ್ಪುವುದಿಲ್ಲ. ದೇವಸ್ಥಾನದ ಕಟ್ಟಡಕ್ಕೆ ಇಷ್ಟು ಕೊಡುತ್ತೇನೆಂದು ವಾಗ್ದಾನದ ಪತ್ರಕ್ಕೆ ಸಹಿ ಹಾಕುವ ಮುಂಚೆ ಡ್ಯಾಫ್‌ನವರನ್ನು ಕೇಳಿ.

ಹೆಜ್ಜೆ 6: ಮುಡಿಪು ಗೂಟಕ್ಕೇ ನೇತಾಡದಿರಲಿ

ಖಾಸಗಿ ಫೌಂಡೇಷನ್‌ಗಳು ಪ್ರತಿ ವರ್ಷ ಸುಮಾರು ಶೇ. 5ರಷ್ಟನ್ನು ಹಂಚಲೇಬೇಕೆಂದು ಕಾನೂನಿದೆ. ಡ್ಯಾಫ್ ಖಾತೆಗೆ ಅಂಥ ಕಟ್ಟಳೆಯಿಲ್ಲ. ಡಿಡಕ್ಷನ್ ಸಿಕ್ಕಿಯಾಯಿತು, ಹಣ ಹೂಡಿಕೆಯಲ್ಲಿ ಬೆಳೆಯುತ್ತಿದೆ, ಮುಂದಿನ ವರ್ಷ ನೋಡೋಣ ಎನ್ನುತ್ತ ವರ್ಷಗಳು ಕಳೆಯುತ್ತವೆ. ಈ ಪದ್ಧತಿಯಲ್ಲಿ ನನಗೆ ಒಪ್ಪಿಗೆಯಾಗದ ಅಂಶ ಇದೊಂದು. ಬೆಳೆದ ಹಣ ಮುಂದೆ ಹೆಚ್ಚು ಜನಕ್ಕೆ ಆದೀತು ಎನ್ನುವವರಿದ್ದಾರೆ, ಆದರೆ ಈ ಜೂನ್‌ನಲ್ಲಿ ಶಾಲೆ ಬಿಡುವ ಹುಡುಗಿಗೆ ಈ ಜೂನ್‌ನಲ್ಲೇ ಬೇಕು.

ಅದಕ್ಕೆ ಹಣ ಹಾಕಿದ ದಿನವೇ ಹಂಚಿಕೆಯನ್ನೂ ಗೊತ್ತುಮಾಡಿ. ಎಷ್ಟು ವರ್ಷದ ದಾನವನ್ನು ಗುಡ್ಡೆ ಹಾಕಿದ್ದೀರೋ ಅಷ್ಟು ವರ್ಷದಲ್ಲಿ ಖಾತೆ ಬರಿದಾಗುವಂತೆ, ತಾನಾಗಿ ಹೋಗುವ ಕಂತು ಇಡಿ. ನಾವು ಮನೆಯಲ್ಲಿ ಯುಗಾದಿಗೆ ಒಂದು, ಶಾಲೆ ತೆರೆಯುವ ಹೊತ್ತಿಗೆ ಒಂದು, ರಾಜ್ಯೋತ್ಸವಕ್ಕೆ ಒಂದು ಎಂದು ಇಟ್ಟಿದ್ದೇವೆ. ಯಾವ ಸಂಸ್ಥೆಗೆ ಎಂದು ಮಕ್ಕಳು ಫಾರ್ಮ್ 990 ಓದಿ ವಾದ ಮಾಡುತ್ತಾರೆ.

ನಿಮ್ಮ ಕಂಪನಿ ಡ್ಯಾಫ್‌ನಿಂದ ಹೋದದ್ದಕ್ಕೂ ಮ್ಯಾಚ್ ಕೊಡುವುದಾದರೆ ಅನಾಮಿಕವಾಗಿ ಕಳಿಸಬೇಡಿ. ನಿಮ್ಮ ಪೂರ್ತಿ ಹೆಸರು, ವಿಳಾಸ ಹೋಗಲಿ. ಸಂಸ್ಥೆಯವರು ಪೋರ್ಟಲ್‌ನಲ್ಲಿ ದೃಢಪಡಿಸಲು ಅದು ಬೇಕು.

ಕಾಗದ ಪತ್ರ

250 ಡಾಲರ್ ಅಥವಾ ಹೆಚ್ಚಿನ ಪ್ರತಿ ದಾನಕ್ಕೂ ಸಂಸ್ಥೆಯ ಲಿಖಿತ ರಸೀದಿ ರಿಟರ್ನ್ ಸಲ್ಲಿಸುವ ಮೊದಲೇ ಕೈಯಲ್ಲಿರಬೇಕು. ಸಂಬಳದಿಂದ ಹೋದದ್ದಕ್ಕೆ ಪೇ ಸ್ಲಿಪ್ ಇಲ್ಲವೇ ವರ್ಷದ ಸಂಬಳದ ಪತ್ರವಾದ ಡಬ್ಲ್ಯೂ-2 ಜೊತೆ, ಕೊಡುತ್ತೇನೆಂದು ಒಪ್ಪಿದ ಪ್ಲೆಡ್ಜ್ ಪತ್ರ ಇಡಿ. ಬೆನೆವಿಟಿ ಮೂಲಕ ಕೊಟ್ಟರೆ ರಸೀದಿ ನೀವು ಆರಿಸಿದ ಸಂಸ್ಥೆಯ ಹೆಸರಲ್ಲಿ ಬರದೆ ಅಮೆರಿಕನ್ ಆನ್‌ಲೈನ್ ಗಿವಿಂಗ್ ಫೌಂಡೇಷನ್ ಹೆಸರಲ್ಲಿ ಬರಬಹುದು, ಗಾಬರಿ ಬೇಡ. ವರ್ಷದಲ್ಲಿ ಷೇರಿನಂಥ ನಗದಲ್ಲದ ದಾನ 500 ಡಾಲರ್ ಮೀರಿದರೆ ಫಾರ್ಮ್ 8283 ತುಂಬಬೇಕು.

ಖಾತೆಗೆ ಉತ್ತರಾಧಿಕಾರಿಯನ್ನೂ ಬರೆದಿಡಿ. ನಿಮ್ಮ ನಂತರ ಶಿಫಾರಸು ಮಾಡುವ ಹಕ್ಕು ಮಗಳಿಗೋ ಮಗನಿಗೋ ಹೋಗಬಹುದು, ಅಥವಾ ಉಳಿದದ್ದೆಲ್ಲ ಇಂಥ ಸಂಸ್ಥೆಗೆ ಎಂದು ಹೆಸರಿಸಬಹುದು. ಪೋರ್ಟಲ್‌ನಲ್ಲಿ ಐದು ನಿಮಿಷದ ಕೆಲಸ, ಖಾತೆ ತೆರೆದ ದಿನವೇ ಮುಗಿಸಿ.